ಜೀರ್ಣೋದ್ಧಾರದ ಜಿಜ್ಞಾಸೆ

ಜೀರ್ಣವಾದುದನ್ನು ಉದ್ಧರಿಸಬೇಕೆಂಬ ವಿಷಯದಲ್ಲಿ ನಮ್ಮಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಗುಡಿ ಶಿಥಿಲವಾದರೆ ವಂತಿಗೆ ಎತ್ತುತ್ತೇವೆ. ಕೆರೆಯ ಏರಿ ಒಡೆದರೆ ಮಣ್ಣು ಹೊರುತ್ತೇವೆ. ತೇರಿನ ಗಾಲಿ ಸವೆದರೆ ಹೊಸ ಮರ ತರಿಸುತ್ತೇವೆ. ಆದರೆ ಯಾವ ಸ್ಥಿತಿಗೆ ಮರಳಿಸಿದರೆ ಅದು ಉದ್ಧಾರವಾಯಿತು, ಯಾರ ಸಲುವಾಗಿ ಅದನ್ನು ಮಾಡುತ್ತಿದ್ದೇವೆ ಎಂದು ಕೇಳಿಕೊಳ್ಳುವವರು ವಿರಳ. ಈ ಪ್ರಶ್ನೆ ನಮ್ಮ ಮುಂದೆ ಬಂದುದು ಗುಡಿಯ ಮೂಲಕವಲ್ಲ, ಒಂದು ಹಳೆಯ ಮೋಟಾರು ಗಾಡಿಯ ಮೂಲಕ. ವಾಚಕರು ನಗಬಾರದು. ಶಾಸ್ತ್ರದ ಎಷ್ಟೋ ಗಂಟುಗಳು ಬಿಚ್ಚುವುದು ಕೊಟ್ಟಿಗೆಯಲ್ಲಿಯೇ.

ತಿಪಟೂರು ಸೀಮೆಯ ಭಕ್ತ ಮನೆತನವೊಂದರಲ್ಲಿ ಮಹೀಂದ್ರ ಕಂಪನಿಯ ಮೊಂಡು ಮೂತಿಯ ಪಿಕಪ್ ಗಾಡಿಯೊಂದಿದೆ. ಮನೆಯ ಹಿರಿಯರು ೧೯೬೮ರಲ್ಲಿ ಕೊಂಡದ್ದು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದು ೧೯೭೩ರಲ್ಲಿ. ಅದಕ್ಕೂ ಮುಂಚಿನ ಗಾಡಿಯಾದುದರಿಂದ ಅದರ ಫಲಕದ ಮೇಲೆ ಇಂದಿಗೂ ಹಳೆಯ ಮೈಸೂರಿನ 'ಎಂ.ವೈ.' ಅಕ್ಷರಗಳಿವೆ. ಕೊಬ್ಬರಿಯ ಚೀಲಗಳನ್ನು ತಿಪಟೂರಿನ ಮಾರುಕಟ್ಟೆಗೆ ಸಾಗಿಸಿದುದು, ಜಾತ್ರೆಗೆ ಮುಂಚೆ ದಾಸೋಹಕ್ಕೆಂದು ಸೌದೆ, ಅಕ್ಕಿ, ತೆಂಗಿನಕಾಯಿ ತಂದು ಇಳಿಸಿದುದು ಅದೇ ಗಾಡಿ. ಹಿರಿಯರು ಲಿಂಗೈಕ್ಯರಾದ ಮೇಲೆ ಇಪ್ಪತ್ತು ವರ್ಷಗಳಿಗೂ ಮಿಗಿಲಾಗಿ ಕೊಟ್ಟಿಗೆಯ ಪಕ್ಕದ ಚಪ್ಪರದಡಿ ನಿಂತಿದೆ. ಪಾಲು ಹಂಚಿಕೆಯಲ್ಲಿ ಅದು ಮೊಮ್ಮಗನ ಹೆಸರಿಗೆ ಬಂದಿತು. ಆತ ಬೆಂಗಳೂರಿನಲ್ಲಿ ಎಂಜಿನಿಯರು. "ಬುದ್ಧಿ, ತಾತನ ಗಾಡಿಯನ್ನು ಕಂಪನಿಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ ಮಾಡಿಸಬೇಕು" ಎಂಬುದು ಅವನ ಸಂಕಲ್ಪ. ಅವನ ಚಿಕ್ಕಪ್ಪನವರದು ಬೇರೆಯೇ ಮಾತು: "ಬುದ್ಧಿ, ಅದನ್ನು ಗುಜರಿಗೆ ಹಾಕಿ, ಇವನು ಅದಕ್ಕೆ ಸುರಿಯಬೇಕೆಂದಿರುವ ಹಣದಲ್ಲಿ ಕೊಳವೆ ಬಾವಿಯ ಸಾಲ ತೀರಿಸಲಿ." ಇಬ್ಬರೂ ಮಠಕ್ಕೆ ಬಂದು ತೀರ್ಪು ಬೇಡಿದರು.

ತೀರ್ಪಿಗಿಂತ ಮೊದಲು ವಸ್ತುವನ್ನು ನೋಡಬೇಕು. ಈ ಗಾಡಿ ಬಂದಾಗ ಅದರಲ್ಲಿದ್ದುದು ಪೆಟ್ರೋಲ್ ಎಂಜಿನ್. ೧೯೭೩ರ ಕೊನೆಯಲ್ಲಿ ಪಶ್ಚಿಮ ಏಷ್ಯದ ಯುದ್ಧದ ಬೆನ್ನಿಗೆ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟು ಏರಿತು. ಪೆಟ್ರೋಲ್ ಜೀಪು, ಗಾಡಿಗಳನ್ನಿಟ್ಟುಕೊಂಡಿದ್ದ ಅನೇಕರು ಎಂಜಿನ್ ಕಳಚಿ ಡೀಸೆಲ್ ಎಂಜಿನ್ ಕೂರಿಸಿದರು. ಈ ಹಿರಿಯರೂ ೧೯೭೬ರಲ್ಲಿ ಹಾಗೆಯೇ ಮಾಡಿದರು. ಅದಕ್ಕಾಗಿ ತಳಪಾಯದ ಪಟ್ಟಿಗಳನ್ನು ಕೊಯ್ದು ಬೆಸುಗೆ ಹಾಕಿಸಿದರು. ಮೊಮ್ಮಗ ಈಗ ಆ ಬೆಸುಗೆಯನ್ನು ಬಿಡಿಸಿ, ಡೀಸೆಲ್ ಎಂಜಿನ್ ತೆಗೆದು, ಎಲ್ಲಿಂದಲಾದರೂ ಹಳೆಯ ಪೆಟ್ರೋಲ್ ಎಂಜಿನ್ ಹುಡುಕಿ ಕೂರಿಸಲು ಹೊರಟಿದ್ದಾನೆ. ಅದಕ್ಕೊಂದು ಕಾರಣವೂ ಇದೆ. ೨೦೨೧ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಂತೆ, ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿಯೇ ಉಳಿದ, ತಳಪಾಯ, ಮೈಕಟ್ಟು, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಾಗದ ವಾಹನಕ್ಕೆ ಮಾತ್ರ 'ವಿಂಟೇಜ್' ಎಂಬ ಮಾನ್ಯತೆ. ಅಂಥ ವಾಹನ ಪ್ರದರ್ಶನಕ್ಕೂ ಮೆರವಣಿಗೆಗೂ ರಸ್ತೆಗಿಳಿಯಬಹುದೇ ಹೊರತು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಅಲ್ಲ.

ಇಲ್ಲಿಯೇ ತೊಡಕು. ತಾತನ ನೆನಪಿಗಾಗಿ ಮಾಡುವ ಜೀರ್ಣೋದ್ಧಾರದಲ್ಲಿ ಮೊದಲು ಕಿತ್ತೆಸೆಯುವುದು ತಾತ ಸ್ವತಃ ಯೋಚಿಸಿ, ಕೈಯಾರೆ ನಿಂತು ಮಾಡಿಸಿದ ಕೆಲಸವನ್ನು! ೧೯೬೮ರ ಗಾಡಿ ಕಾರ್ಖಾನೆಯದು. ೧೯೭೬ರ ಗಾಡಿ ತಾತನದು. ಮೊಮ್ಮಗನಿಗೆ ಬೇಕಾದುದು ಯಾವುದು?

ಒಂದು ವಸ್ತುವಿನ ಅವಯವಗಳೆಲ್ಲ ಬದಲಾದರೂ ಅದು ಅದೇ ವಸ್ತುವೇ ಎಂಬ ಪ್ರಶ್ನೆ ಬಹು ಪ್ರಾಚೀನವಾದುದು. ಗ್ರೀಕ್ ವೀರ ಥೀಸಿಯಸನ ಹಡಗನ್ನು ಅಥೆನ್ಸಿನವರು ಹಲಗೆ ಕೊಳೆತಂತೆಲ್ಲ ಹೊಸ ಹಲಗೆ ಹಾಕಿ ಕಾಪಾಡಿದರೆಂದೂ, ತತ್ತ್ವಜ್ಞಾನಿಗಳು ಅದನ್ನು ಮುಂದಿಟ್ಟುಕೊಂಡು ವಾದಿಸಿದರೆಂದೂ ಪ್ಲುಟಾರ್ಕ್ ಬರೆದಿದ್ದಾನೆ. ಕಳಚಿದ ಹಳೆಯ ಹಲಗೆಗಳನ್ನೇ ಒಬ್ಬ ಕೂಡಿಟ್ಟು ಇನ್ನೊಂದು ಹಡಗು ಕಟ್ಟಿದರೆ ನಿಜವಾದುದು ಯಾವುದೆಂದು ಹದಿನೇಳನೆಯ ಶತಮಾನದಲ್ಲಿ ಹಾಬ್ಸ್ ಆ ಗಂಟನ್ನು ಮತ್ತಷ್ಟು ಬಿಗಿದ. ನಮ್ಮ ದೇಶದಲ್ಲಿ ಭಿಕ್ಷು ನಾಗಸೇನ ಮಿಲಿಂದ ರಾಜನನ್ನು ರಥದ ವಿಷಯವಾಗಿ ಕೇಳಿದ: ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ? ಯಾವುದೂ ಅಲ್ಲ. ಬಿಡಿಭಾಗಗಳು ಕೂಡಿದಾಗ ನಾವಿಡುವ ಹೆಸರು ಅದು. ತರ್ಕದ ವಿದ್ಯಾರ್ಥಿಗಳಿಗೆ ಇವೆಲ್ಲ ಒಳ್ಳೆಯ ವ್ಯಾಯಾಮ. ಆದರೆ ನಮ್ಮ ಜಾತ್ರೆಗೆ ಬರುವ ಯಾವ ರೈತನಿಗೂ ಈ ಸಂಶಯ ಬಂದುದಿಲ್ಲ. ತೇರಿನ ಗಾಲಿ ಬದಲಾಗಿದೆ, ಅಚ್ಚು ಬದಲಾಗಿದೆ, ಮಿಣಿಯಂತೂ ಎಷ್ಟು ಸಲ ಬದಲಾಗಿದೆಯೋ. ಆದರೂ ಅದು 'ನಮ್ಮ ತೇರು'. ಏಕೆ? ಅದೇ ಬೀದಿಯಲ್ಲಿ, ಅದೇ ದಿನ, ಅದೇ ಊರಿನ ಜನ ಅದನ್ನು ಎಳೆಯುತ್ತಾರೆ. ತೇರಿನ ತನ್ನತನ ಮರದಲ್ಲಿಲ್ಲ, ಎಳೆತದಲ್ಲಿದೆ. ಎಳೆಯುವುದನ್ನು ನಿಲ್ಲಿಸಿ ಹಳೆಯ ಮರವನ್ನು ಗಾಜಿನ ಮನೆಯಲ್ಲಿಟ್ಟರೆ ಉಳಿಯುವುದು ಮರವಷ್ಟೇ.

ನಮ್ಮ ನಾಡಿನ ಶಾಸನಗಳನ್ನು ಓದಿದವರಿಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಪರಿಚಿತ. ಒಡೆದುದರ, ಬಿರುಕು ಬಿಟ್ಟುದರ ದುರಸ್ತಿ ಎಂದು ಅರ್ಥ. ದತ್ತಿ ಬಿಟ್ಟವರು ಈ ಮಾತನ್ನು ಒಂಟಿಯಾಗಿ ಬರೆಸುವುದು ಅಪರೂಪ. ಅದರ ಹಿಂದೆ ಮುಂದೆಯೇ ತಪಸ್ವಿಗಳ ಆಹಾರದಾನ, ವಿದ್ಯಾದಾನಗಳ ಹೆಸರು ಬರುತ್ತದೆ. ಬಳ್ಳಿಗಾವಿಯ ಕೋಡಿಯ ಮಠವನ್ನು ೧೧೬೨ರ ಶಾಸನ ವರ್ಣಿಸುವಾಗ ಅದರ ಕಟ್ಟಡವನ್ನಷ್ಟೇ ಹೊಗಳದೆ, ಅಲ್ಲಿ ಹಸಿದವರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುದನ್ನು ಹೇಳುತ್ತದೆ. ಗೋಡೆಯ ಬಿರುಕನ್ನು ಮುಚ್ಚಿದುದು ಒಳಗಿನ ಪಂಕ್ತಿ ನಿಲ್ಲಬಾರದೆಂದು. ಅನ್ನವಿಲ್ಲದ ಮಠಕ್ಕೆ ಸುಣ್ಣ ಬಳಿಸುವ ದತ್ತಿಯನ್ನು ಆ ಹಿರಿಯರು ಬಿಡುತ್ತಿರಲಿಲ್ಲವೆಂದು ನಮ್ಮ ಭಾವನೆ.

ಕೆಲಸ ಮಾಡುವವರ ವಿಷಯವನ್ನೂ ಇಲ್ಲಿ ಬಿಡಲಾಗದು. ಹಳೆಯ ಗಾಡಿಗಳ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರುತ್ತಿತ್ತು. ಡ್ರಮ್ ಬಿಚ್ಚಿ, ಒಳಗಿನ ಧೂಳನ್ನು ಗಾಳಿಯ ಪೈಪಿನಿಂದ ಊದಿದರೆ ಕಣ್ಣಿಗೆ ಕಾಣದ ಎಳೆಗಳು ಕೆಲಸಗಾರನ ಶ್ವಾಸಕೋಶಕ್ಕೆ ಇಳಿಯುತ್ತವೆ. ರೋಗ ಕಾಣಿಸಿಕೊಳ್ಳುವುದು ಹತ್ತಿಪ್ಪತ್ತು ವರ್ಷಗಳ ನಂತರ. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಅದನ್ನು ಒಣದಾಗಿ ಉಜ್ಜಿದರೆ ಆ ಪುಡಿಯೂ ಅಲ್ಲಿರುವ ಹುಡುಗನ ಮೂಗಿಗೇ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯುವುದು, ಮೂಗಿಗೆ ತಕ್ಕ ಮುಸುಕು ಕೊಡುವುದು, ಕಲ್ನಾರಿಲ್ಲದ ಲೈನಿಂಗನ್ನೇ ಹಾಕಿಸುವುದು ದೊಡ್ಡ ಖರ್ಚಿನ ಮಾತಲ್ಲ. ಆದರೂ ಟಿಂಕರಿಂಗ್ ಅಂಗಡಿಯ ಮುಂದೆ ನಿಂತು ಬಣ್ಣದ ಛಾಯೆಯ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ಯಜಮಾನರು ಇದನ್ನು ಕೇಳುವುದಿಲ್ಲ. ಶರಣರು ಕಾಯಕಕ್ಕೆ ಗೌರವ ತಂದುಕೊಟ್ಟರೆಂದು ವೇದಿಕೆಯ ಮೇಲೆ ನಾವೆಲ್ಲ ಹೇಳುತ್ತೇವೆ. ಗೌರವಿಸಬೇಕಾದ ಕಾಯಕ ಹನ್ನೆರಡನೆಯ ಶತಮಾನದ್ದು ಮಾತ್ರವೆ? ನಮ್ಮ ತಾತನ ನೆನಪು ಇನ್ನೊಬ್ಬರ ಮಗನ ಉಸಿರನ್ನು ತಿನ್ನಬಾರದು.

ಇನ್ನು ಚಿಕ್ಕಪ್ಪನವರ ಮಾತು. ಹಳೆಯದರ ಬೆಲೆ ಅರಿಯದವರೆಂದು ಅವರನ್ನು ತಳ್ಳಿಹಾಕುವುದು ಸುಲಭ. ನಾವು ಕೇಳಿ ತಿಳಿದುದು ಬೇರೆ. ಹದಿನಾಲ್ಕನೆಯ ವಯಸ್ಸಿನಿಂದ ಆ ಗಾಡಿಗೆ ಚೀಲ ಏರಿಸಿದವರು ಅವರು. ಶಾಲೆ ಬಿಟ್ಟುದೂ ಅದರ ಸಲುವಾಗಿಯೇ. ರಜೆಯಲ್ಲಿ ಬಂದು ತಾತನ ತೊಡೆಯ ಮೇಲೆ ಕುಳಿತು ಚಕ್ರ ಹಿಡಿದ ಮೊಮ್ಮಗನಿಗೆ ಗಾಡಿ ಎಂದರೆ ಸಂತೋಷ; ಇವರಿಗೆ ಅದು ಬೆನ್ನುನೋವು. ಒಂದೇ ಆಸ್ತಿ ಇಬ್ಬರಿಗೆ ಎರಡು ಬಗೆಯಾಗಿ ಬಂದಿದೆ. ಹಿಂದಿನ ಕಾಲವನ್ನು ಅತಿಯಾಗಿ ಹಂಬಲಿಸುವವರು ಸಾಮಾನ್ಯವಾಗಿ ಆ ಕಾಲದ ಭಾರ ಹೊರದವರೇ ಎಂಬುದನ್ನು ನೀವೂ ಕಂಡಿರಬಹುದು.

ಆಯ್ದಕ್ಕಿ ಮಾರಯ್ಯ ನಿತ್ಯಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ದಿನ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರಲು ಲಕ್ಕಮ್ಮ ಹೇಳಿದ ಪ್ರಸಂಗ ನಿಮಗೆಲ್ಲ ಗೊತ್ತು. ದಾಸೋಹಕ್ಕೆಂದೇ ತಂದ ಅಕ್ಕಿಯಲ್ಲಿಯೂ ಆಸೆ ಹೊಕ್ಕಿರಬಹುದೆಂದು ಆ ತಾಯಿ ಕಂಡಳು. ಪಿತೃಭಕ್ತಿಯಲ್ಲಿಯೂ ಅದು ಹೊಗುತ್ತದೆ. ಮೆರವಣಿಗೆಯಲ್ಲಿ ಹೊಳೆಯುವ ಗಾಡಿಯ ಪಕ್ಕದಲ್ಲಿ ನಿಂತು ತೆಗೆಸಿಕೊಳ್ಳುವ ಚಿತ್ರದಲ್ಲಿ ತಾತನೆಷ್ಟು, ನಾನೆಷ್ಟು ಎಂಬ ಲೆಕ್ಕವನ್ನು ಪ್ರಾಮಾಣಿಕವಾಗಿ ಮಾಡುವುದು ಕಷ್ಟ. ಓಡದೆ ನಿಂತ ಗಾಡಿ ಸ್ಥಾವರ, ಓಡುವುದು ಜಂಗಮ ಎಂದು ಒಬ್ಬ ಪಂಡಿತರು ನಮ್ಮೆದುರು ಚಮತ್ಕಾರವಾಗಿ ನುಡಿದರು. ಆ ಮಾತನ್ನು ನಾವು ಒಪ್ಪಲಿಲ್ಲ. ಅಷ್ಟು ದೊಡ್ಡ ಶಬ್ದವನ್ನು ಡೀಸೆಲ್ ಹೊಗೆಯಲ್ಲಿ ಅದ್ದಬಾರದು.

ಗಾಡಿಯ ಎಡಬದಿಯಲ್ಲಿ ಅಂಗೈಯಗಲದ ಎರಡು ನಗ್ಗುಗಳಿವೆ. ಟಿಂಕರಿಂಗ್ ಮಾಡುವವನು ಒಂದು ಗಂಟೆಯಲ್ಲಿ ತಟ್ಟಿ ಸಮ ಮಾಡಬಲ್ಲ. ಮೊಮ್ಮಗನ ಪಟ್ಟಿಯಲ್ಲಿ ಅದೂ ಸೇರಿತ್ತು. ಚಿಕ್ಕಪ್ಪನವರು ಅದುವರೆಗೆ ಸುಮ್ಮನಿದ್ದವರು ಆಗ ಬಾಯಿ ಬಿಟ್ಟರು. ಊರಿನ ಕೂಲಿ ಹೆಂಗಸೊಬ್ಬಳಿಗೆ ಹೆರಿಗೆ ಕಷ್ಟವಾಗಿ, ಮಳೆಯ ರಾತ್ರಿ ತುಮಕೂರಿನ ಆಸ್ಪತ್ರೆಗೆ ಕರೆದೊಯ್ಯುವಾಗ ಗಾಡಿ ಮೋರಿಯ ಕಟ್ಟೆಗೆ ಉಜ್ಜಿದ ಗುರುತು ಅದು. ತಾಯಿ ಮಗು ಇಬ್ಬರೂ ಉಳಿದರಂತೆ. ಆ ನಗ್ಗನ್ನು ತಾತ ಕೊನೆಯವರೆಗೂ ಸರಿ ಮಾಡಿಸಲಿಲ್ಲ. ಬೇಕೆಂದೇ ಬಿಟ್ಟರೋ, ಹಣ ಉಳಿಸಿದರೋ ಎಂದು ಕೇಳಿದುದಕ್ಕೆ ಚಿಕ್ಕಪ್ಪನವರು ನಕ್ಕು, "ಬುದ್ಧಿ, ನಮ್ಮಪ್ಪ ಹಣ ಉಳಿಸೋರೇ" ಎಂದರು. ಮೊಮ್ಮಗ ಈ ಕಥೆಯನ್ನು ಕೇಳಿದುದು ಅಂದೇ ಮೊದಲು.

ನಮ್ಮ ಅಭಿಪ್ರಾಯವನ್ನು ಹೀಗೆ ತಿಳಿಸಿದೆವು. ಡೀಸೆಲ್ ಎಂಜಿನ್ ಇರಲಿ. ಬೋರಿಂಗ್ ಮಾಡಿಸಿ ಹೊಸ ರಿಂಗ್ ಹಾಕಿಸಿದರೆ ಸಾಕು. ಬ್ರೇಕು, ಸ್ಟಿಯರಿಂಗು, ದೀಪ, ಟೈರುಗಳಲ್ಲಿ ಹಳೆಯದೆಂಬ ಮೋಹ ಬೇಡ. ರಸ್ತೆಯಲ್ಲಿ ಎದುರಿಗೆ ಬರುವವರಿಗೆ ನಿಮ್ಮ ತಾತನ ಮೇಲೆ ಭಕ್ತಿಯಿರಬೇಕಾದ ಕಾರಣವಿಲ್ಲ. ಎಫ್.ಸಿ. ದೊರೆತರೆ ಗಾಡಿ ಊರಿನಲ್ಲಿಯೇ ಇರಲಿ, ತೋಟದ ಕೆಲಸಕ್ಕೂ ಜಾತ್ರೆಯ ಸೌದೆಗೂ ಆಗಲಿ. ದೊರೆಯದಿದ್ದರೆ ಗುಜರಿಗೆ ಕೊಡುವುದರಲ್ಲಿ ಪಾಪವಿಲ್ಲ. ಕರಗಿದ ಕಬ್ಬಿಣ ಇನ್ನೊಬ್ಬರ ನೇಗಿಲಾದೀತು. ಪೆಟ್ರೋಲ್ ಎಂಜಿನ್ನಿಗೂ ಹೊಳೆಯುವ ಬಣ್ಣಕ್ಕೂ ಎಂದು ಎತ್ತಿಟ್ಟ ಮೊತ್ತ ಮೊದಲು ಕೊಳವೆ ಬಾವಿಯ ಸಾಲಕ್ಕೆ ಹೋಗಲಿ.

ಮೊಮ್ಮಗ ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕುಳಿತು, ನಗ್ಗನ್ನು ಹಾಗೆಯೇ ಬಿಟ್ಟು ಮೇಲೆ ಬಣ್ಣ ಹಚ್ಚಬಹುದೇ ಎಂದು ಕೇಳಿದ. ತುಕ್ಕು ಹಿಡಿಯದಷ್ಟು ಹಚ್ಚು ಎಂದೆವು. ಚಿಕ್ಕಪ್ಪನವರು ಒಪ್ಪಿದರೆಂದು ಹೇಳಲಾರೆವು. ಬ್ರೇಕಿನ ಕೆಲಸ ಮುಗಿಯಲಿ, ಆಮೇಲೆ ನೋಡೋಣ ಎಂದು ಹೇಳಿ, ಪ್ರಸಾದಕ್ಕೆ ಎದ್ದರು.