ನಡುವೆ ಕುಳಿತವಳು

ವಿದ್ಯಾರಣ್ಯರ ‘ಪಂಚದಶಿ’ಯಲ್ಲಿ ಹತ್ತನೆಯ ಪ್ರಕರಣಕ್ಕೆ ನಾಟಕದೀಪ ಎಂದು ಹೆಸರು. ನಾಟ್ಯಶಾಲೆಯಲ್ಲಿ ಹಚ್ಚಿಟ್ಟ ದೀಪ ಯಜಮಾನನನ್ನು, ಸಭಿಕರನ್ನು, ಕುಣಿಯುವವಳನ್ನು ಒಂದೇ ಸಮನೆ ಬೆಳಗುತ್ತದೆ. ಅವರೆಲ್ಲ ಎದ್ದುಹೋದ ಮೇಲೂ ತನ್ನಷ್ಟಕ್ಕೆ ಉರಿಯುತ್ತಿರುತ್ತದೆ. ಅಲ್ಲಿ ಯಜಮಾನನೆಂದರೆ ಅಹಂಕಾರ, ಸಭಿಕರೆಂದರೆ ವಿಷಯಗಳು, ಕುಣಿಯುವವಳು ಬುದ್ಧಿ, ದೀಪವೇ ಸಾಕ್ಷಿ. ಎಲ್ಲವನ್ನೂ ಕಾಣಿಸುತ್ತದೆ, ಯಾವುದನ್ನೂ ಅಂಟಿಸಿಕೊಳ್ಳುವುದಿಲ್ಲ. ನಮ್ಮ ಮಾವನವರಿಗೆ ಈ ಪ್ರಕರಣ ಬಾಯಿಗೇ ಬರುತ್ತಿತ್ತು. ಶೃಂಗೇರಿಯ ಕಡೆಯವರು, ಶಿವಮೊಗ್ಗದಲ್ಲಿ ಮೇಷ್ಟ್ರಾಗಿದ್ದವರು. ಸಂಜೆ ಜಗಲಿಯ ಮೇಲೆ ಕುಳಿತು ಓದಿ ಅರ್ಥ ಹೇಳುವಾಗ ಒಮ್ಮೆ ನನ್ನ ಕಡೆ ತಿರುಗಿ, “ನಿನಗೆ ಇದು ನಮಗಿಂತ ಬೇಗ ತಿಳೀಬೇಕಮ್ಮ. ದಿನಾ ಮಾಡೋದೇ ಇದಲ್ವಾ?” ಎಂದರು.

ನಾನು ಟ್ರಂಕ್ ಆಪರೇಟರ್ ಆಗಿದ್ದೆ, ದೂರದ ಊರುಗಳ ಫೋನ್ ಕರೆಗಳನ್ನು ಕೈಯಿಂದ ಕೂಡಿಸುವವಳು. 1981ರಲ್ಲಿ ಸೇರಿದಾಗ ಅದು ಅಂಚೆ ಮತ್ತು ತಂತಿ ಇಲಾಖೆ. 1985ರಲ್ಲಿ ಇಲಾಖೆ ಎರಡಾಯಿತು. 2000ದ ಅಕ್ಟೋಬರ್ 1ರಿಂದ ನಮ್ಮದು ಬಿಎಸ್‌ಎನ್‌ಎಲ್ ಎಂಬ ಕಂಪನಿ. ಹೆಸರು ಬದಲಾಗುತ್ತ ಹೋದರೂ ಮಾವ ಕೇಳಿದ ಆ ಪ್ರಶ್ನೆ ನೌಕರಿಯುದ್ದಕ್ಕೂ ನನ್ನ ಜೊತೆಗಿತ್ತು. ಇನ್ನೊಬ್ಬರ ಬದುಕು ತನ್ನ ಕಿವಿಯ ಮೂಲಕವೇ ಹಾದುಹೋಗುವಾಗ ನಡುವೆ ಕುಳಿತವಳು ಏನಾಗಿರಬೇಕು?

ಟ್ರಂಕ್ ಬೋರ್ಡ್ ಕಂಡವರು ಈಗ ಕಡಿಮೆ. ಎದುರಿಗೆ ನಿಲುವಾದ ಹಲಗೆ, ಅದರ ತುಂಬ ಸಾಲುಸಾಲು ತೂತುಗಳು, ಪುಟ್ಟ ದೀಪಗಳು. ಮುಂದಿನ ಮೇಜಿನಲ್ಲಿ ಜೋಡಿಜೋಡಿ ಕಾರ್ಡು, ಒಂದು ಕೇಳಿದವರಿಗೆ, ಇನ್ನೊಂದು ಬೇಕಾದವರಿಗೆ. ದೀಪ ಹತ್ತಿತು ಎಂದರೆ ಯಾರೋ ಕಾಯುತ್ತಿದ್ದಾರೆ. ಕಾರ್ಡು ಸಿಕ್ಕಿಸಿ, ಕೀ ಸರಿಸಿದರೆ ನಾವು ಅವರ ಮಾತಿನೊಳಗೆ. ಹಿಂದಕ್ಕೆ ತಂದರೆ ಹೊರಗೆ. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಕರೆಗಳಲ್ಲಿ ಬಗೆ. ಪ್ರತಿ ಕರೆಗೆ ಒಂದು ಟಿಕೆಟ್; ನಂಬರು, ಹೊತ್ತು, ಎಷ್ಟು ನಿಮಿಷ ಎಂದು ಪೆನ್ಸಿಲಿನಲ್ಲಿ ಬರೆಯಬೇಕು. ಮೂರು ನಿಮಿಷವಾದಾಗ ನಡುವೆ ಬಂದು “ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?” ಎಂದು ಕೇಳಬೇಕು. ಆ ಮಾತನ್ನು ನಾನು ಅಳುವವರಿಗೂ ಹೇಳಿದ್ದೇನೆ, ಅಡಿಕೆ ಮಂಡಿಯವರ ಧಾರಣೆ ಚೌಕಾಸಿಯ ನಡುವೆಯೂ ಹೇಳಿದ್ದೇನೆ, ಮದುವೆ ಗೊತ್ತಾದ ಹುಡುಗಿ ಮಾತಿಲ್ಲದೆ ಉಸಿರಾಡುತ್ತ ನಿಂತಿದ್ದಾಗಲೂ ಹೇಳಿದ್ದೇನೆ.

ಲೈನು ಕೂಡಿತೋ ಇಲ್ಲವೋ ನೋಡುವಷ್ಟು ಹೊತ್ತು ಮಾತ್ರ ಕೇಳಿಸಿಕೊಳ್ಳಬಹುದು, ಅದಕ್ಕಿಂತ ಹೆಚ್ಚಲ್ಲ ಎಂಬುದು ಮೊದಲ ಪಾಠ. ಕೇಳಿದ್ದನ್ನು ಹೊರಗೆ ಆಡಿದರೆ ನೌಕರಿ ಹೋಗುವುದಷ್ಟೇ ಅಲ್ಲ, 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿ ಇಲಾಖೆಯವರಿಗೆ ಮೂರು ವರ್ಷದವರೆಗೆ ಜೈಲಿನ ಶಿಕ್ಷೆಯಿತ್ತು. ಇಪ್ಪತ್ತರ ವಯಸ್ಸಿನ ಹುಡುಗಿಯರು ನಾವು. ಊರಿನ ಸಾಲ, ಜಗಳ, ಬಸಿರು, ಸಾವು ಎಲ್ಲ ನಮ್ಮ ಕೈಬೆರಳ ಕೆಳಗೆ ಹಾಯುತ್ತಿತ್ತು, ಮನೆಗೆ ಹೋಗಿ ಒಂದು ಮಾತೂ ಆಡುತ್ತಿರಲಿಲ್ಲ. ಆ ಬೋರ್ಡಿನ ಹುಡುಗಿಯರ ಬಗ್ಗೆ ನನಗೆ ಇಂದಿಗೂ ಹೆಮ್ಮೆ. ಮಾವ ಹೇಳಿದ ದೀಪದ ಲಕ್ಷಣ ಅಕ್ಷರಶಃ ನಮ್ಮಲ್ಲಿತ್ತು.

ಆದರೆ ಮಳೆಗಾಲದಲ್ಲಿ ಆ ಲಕ್ಷಣ ಉಳಿಯುವುದು ಕಷ್ಟವಾಗುತ್ತಿತ್ತು. ಮಲೆನಾಡಿನ ಮಳೆಗೆ ಕಂಬದ ಲೈನುಗಳು ಸೋತು, ದೂರದ ಕರೆಗಳಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ತಲುಪುತ್ತಿರಲಿಲ್ಲ. ನಡುವಿನ ನಮಗೆ ಎರಡೂ ಕಡೆ ಕೇಳುತ್ತಿತ್ತು. ಆಗ ಒಂದು ಕಡೆಯ ಮಾತನ್ನು ನಾವೇ ಆಡಿ ಇನ್ನೊಂದು ಕಡೆಗೆ ದಾಟಿಸಬೇಕು. ಒಂದು ರಾತ್ರಿ ಡ್ಯೂಟಿಯಲ್ಲಿ ಹಳ್ಳಿಯೊಂದರಿಂದ ಬೊಂಬಾಯಿಗೆ ಅರ್ಜೆಂಟ್ ಕರೆ. ಇತ್ತ ಹುಡುಗನೊಬ್ಬ ಕೂಗುತ್ತಿದ್ದಾನೆ, ಅತ್ತ ಅವನ ಅಣ್ಣ “ಏನು? ಏನು?” ಎನ್ನುತ್ತಿದ್ದಾನೆ. ಕೀ ಸರಿಸಿ ನಾನು ಒಳಗೆ ಬಂದು, “ನಿಮ್ಮ ತಂದೆ ಹೋಗಿಬಿಟ್ಟರಂತೆ” ಎಂದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅವನು, “ಯಾರು, ಅತ್ತಿಗೇನಾ?” ಎಂದ. “ಅಲ್ಲ, ಟೆಲಿಫೋನಿನವರು” ಎಂದೆ. ಯಾವಾಗ ಎಂದು ಕೇಳಿದ, ಹುಡುಗನಿಂದ ತಿಳಿದು ಹೇಳಿದೆ. ತಾನು ಬರುವವರೆಗೆ ಇಡುತ್ತಾರಾ ಎಂದು ಕೇಳಿದ. ಆ ಪ್ರಶ್ನೆಯನ್ನು ಇತ್ತ ದಾಟಿಸಿದೆ. ಇತ್ತ ಹಿರಿಯರ್ಯಾರೋ ಹೇಳಿದ ಉತ್ತರವನ್ನು ಅತ್ತ ದಾಟಿಸಿದೆ. ಇಡುವುದಿಲ್ಲ ಎಂಬ ಉತ್ತರ ಅದು. ಟಿಕೆಟ್ ಬರೆದೆ. ಮುಂದಿನ ದೀಪ ಹತ್ತಿತ್ತು.

ಮನೆಗೆ ಬಂದು, ಯಾರು ಯಾವ ಊರು ಎನ್ನದೆ, ಮಾವನವರಿಗೆ ಇಷ್ಟೇ ಕೇಳಿದೆ: ಕೇಳಿಸಿಕೊಳ್ಳುವವಳೇ ಹೇಳುವವಳೂ ಆದಾಗ ಸಾಕ್ಷಿ ಎಲ್ಲಿಗೆ ಹೋಯಿತು? ನನಗೆ ಅಳು ಬಂದದ್ದು ಏಕೆ? ಅವರು ತಡಮಾಡದೆ ಹೇಳಿದರು: “ಅತ್ತದ್ದು ನೀನಲ್ಲ, ನಿನ್ನ ಬುದ್ಧಿ. ಅಳು ಬಂತು ಅನ್ನೋದು ಗೊತ್ತಾಯ್ತಲ್ಲ, ಆ ಗೊತ್ತಾಗೋದು ಯಾವುದೋ ಅದು ನೀನು. ಅದು ಅಳೋದಿಲ್ಲ.” ವೇದಾಂತದ ಪ್ರಕಾರ ಇದು ಸರಿಯಾದ ಉತ್ತರ. ಅದರ ಬಲವನ್ನೂ ನಾನು ಬಲ್ಲೆ. ಮುಂದೆ ಎಷ್ಟೋ ರಾತ್ರಿ ಆ ಉತ್ತರವೇ ನನ್ನನ್ನು ಕುರ್ಚಿಯಲ್ಲಿ ಕೂರಿಸಿದೆ. ಆದರೂ ಅದರಲ್ಲಿ ಏನೋ ಬಿಟ್ಟುಹೋಗಿದೆ ಎನ್ನಿಸುತ್ತಿತ್ತು. ಬೊಂಬಾಯಿಯವನಿಗೆ ಬೇಕಾಗಿದ್ದದ್ದು ಅಳದೆ ಬೆಳಗುವ ಚೈತನ್ಯವಲ್ಲ. ಆ ಮಾತನ್ನು ಮೆಲ್ಲಗೆ ಹೇಳಬಲ್ಲ ಒಂದು ಗಂಟಲು.

ನನ್ನ ಪಕ್ಕದ ಪೊಸಿಷನ್ನಿನ ಅಕ್ಕ ಶರಣರ ಮನೆತನದವರು. ಅವರಿಗೆ ಹೇಳಿದಾಗ ಅವರು ನುಲಿಯ ಚಂದಯ್ಯನ ಕಥೆ ಎತ್ತಿದರು. ಹುಲ್ಲು ಕೊಯ್ಯುವಾಗ ಚಂದಯ್ಯನ ಕೊರಳಿನ ಇಷ್ಟಲಿಂಗ ಬಿದ್ದುಹೋಯಿತು. ಅವನು ಕೆಲಸ ನಿಲ್ಲಿಸಲಿಲ್ಲ. ಲಿಂಗವೇ ಹಿಂದೆ ಬಂತು. ಮಡಿವಾಳ ಮಾಚಯ್ಯ ನಡುವೆ ಬಂದು ಒಪ್ಪಿಸಿದ ಮೇಲೆ ಚಂದಯ್ಯ ಅದನ್ನು ಮತ್ತೆ ಸ್ವೀಕರಿಸಿದ, ಅದೂ ಲಿಂಗವೇ ಹಗ್ಗ ಮಾರುವ ಕಾಯಕ ಮಾಡಬೇಕೆಂಬ ಷರತ್ತಿನ ಮೇಲೆ. “ನಮ್ಮಲ್ಲಿ ದೇವರಿಗೂ ಸುಮ್ನೆ ನೋಡ್ತಾ ಕೂರೋಕೆ ಬಿಡಲ್ಲ ಕಣೇ” ಎಂದರು ಅಕ್ಕ. ಒಂದೇ ನಾಡಿನ ಎರಡು ದಾರಿಗಳು ನನ್ನ ಎರಡು ಕಿವಿಗೆ ಹೀಗೆ ಬಂದು ನಿಂತವು. ಎರಡನ್ನೂ ಕೂಡಿಸುವ ಕಾರ್ಡು ನನ್ನ ಬಳಿ ಇರಲಿಲ್ಲ.

ಆಪರೇಟರನ್ನೇ ನಡುವಿನಿಂದ ತೆಗೆಯುವ ಮೂರನೆಯ ದಾರಿ ಹಿಡಿದವನು ಅಮೆರಿಕದ ಕಾನ್ಸಾಸ್ ಸಿಟಿಯ ಆಲ್ಮನ್ ಸ್ಟ್ರೋಜರ್. ಸತ್ತವರ ಅಂತ್ಯಕ್ರಿಯೆಗೆ ವ್ಯವಸ್ಥೆ ಮಾಡುವ ವೃತ್ತಿಯವನು. ಪ್ರತಿಸ್ಪರ್ಧಿಯ ಕಡೆಯ ಆಪರೇಟರ್ ತನ್ನ ಗಿರಾಕಿಗಳ ಕರೆಗಳನ್ನು ಅತ್ತ ತಿರುಗಿಸುತ್ತಿದ್ದಾಳೆಂದು ಅವನಿಗೆ ಅನುಮಾನ ಬಂತೆಂಬ ಕಥೆ ನಮ್ಮ ವೃತ್ತಿಯವರಿಗೆಲ್ಲ ಗೊತ್ತು. 1891ರಲ್ಲಿ ಅವನ ಆಟೋಮ್ಯಾಟಿಕ್ ಸ್ವಿಚ್ಚಿಗೆ ಪೇಟೆಂಟ್ ಸಿಕ್ಕಿತು. ಅದೇ ಮಾದರಿಯ ಎಕ್ಸ್‌ಚೇಂಜುಗಳನ್ನು ಬೆಂಗಳೂರಿನ ದೂರವಾಣಿನಗರದ ಐಟಿಐ ಕಾರ್ಖಾನೆ ತಯಾರಿಸುತ್ತಿತ್ತು. ಸಾವಿನ ಮನೆಯ ಕರೆಯಲ್ಲಿ ನಡುವೆ ಕುಳಿತವಳು ಪಕ್ಷ ವಹಿಸಬಾರದು ಎಂಬ ಅವನ ಆಗ್ರಹ ನ್ಯಾಯವಾದದ್ದೇ. ಆ ನ್ಯಾಯಕ್ಕೆ ಅವನು ಕಂಡ ಪರಿಹಾರವೆಂದರೆ ಮನುಷ್ಯರೇ ಇಲ್ಲದಿರುವುದು.

ಅದು ನಮ್ಮಲ್ಲಿಗೂ ಬಂತು. ಸಿ-ಡಾಟ್ ಸಂಸ್ಥೆ ಭಾರತದಲ್ಲೇ ರೂಪಿಸಿದ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ನಮ್ಮದೇ ಕಿತ್ತೂರಿನಲ್ಲಿ ಶುರುವಾಯಿತು. ಬಿಸಿಲು, ಧೂಳು ತಡೆಯುವಂಥ, ಏರ್‌ ಕಂಡೀಷನ್ ಬೇಡದ ಯಂತ್ರ. ಹಳ್ಳಿಗಳಿಗೆ ಫೋನು ಮುಟ್ಟಿಸಿದ್ದು ಅದು, ಅದರ ಉಪಕಾರ ಸಣ್ಣದಲ್ಲ. ಆಪರೇಟರ್ ಇಲ್ಲದೆ ನೇರ ಡಯಲ್ ಮಾಡುವ ಎಸ್‌ಟಿಡಿ ಹಬ್ಬಿದಂತೆ ನಮ್ಮ ಬೋರ್ಡಿನ ದೀಪಗಳು ಹತ್ತುವುದು ಕಡಿಮೆಯಾಯಿತು. ಒಂದು ದಿನ ಮಾವನವರಿಗೆ ಹೇಳಿದೆ: “ನೀವು ಹೇಳೋ ಸಾಕ್ಷಿ ಈಗ ನಮ್ಮ ಎಕ್ಸ್‌ಚೇಂಜಿಗೇ ಬಂದಿದೆ. ಎಲ್ಲರ ಮಾತೂ ಅದರೊಳಗೆ ಹೋಗುತ್ತೆ, ಅದಕ್ಕೆ ಏನೂ ಅಂಟೋದಿಲ್ಲ.” ಮಾವ ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅವರು ಹೇಳಿದ್ದು ನನಗೆ ಅವರಿಂದ ಸಿಕ್ಕ ದೊಡ್ಡ ಆಸ್ತಿ: “ಅಂಟೋದೇ ಗೊತ್ತಿಲ್ಲದ್ದಕ್ಕೆ ಬಿಡೋದು ಅಂತ ಏನಿದೆ ಮಗೂ?”

ಅಂದಿನಿಂದ ನನ್ನ ಯೋಚನೆಯ ದಾರಿ ತಿರುಗಿತು. ಬಿಡುವುದು ಎಂಬುದಕ್ಕೆ ಬೆಲೆ ಬರುವುದು ತಾಗಿದವರಿಗೆ ಮಾತ್ರ. ಸಾಕ್ಷಿಯಾಗಿರುವುದೆಂದರೆ ತಾಗಿಸಿಕೊಳ್ಳದೆ ಇರುವುದು ಎಂದು ನಾನು ತಿಳಿದಿದ್ದೆ. ಈಗ ನನಗೆ ಕಾಣುವುದು, ತಾಗಿದ್ದನ್ನು ತನ್ನದು ಎಂದು ಹೇಳಿಕೊಳ್ಳದೆ, ಇನ್ನೊಬ್ಬರ ಮೇಲೆ ಹಾಕದೆ, ಹೊತ್ತುಕೊಂಡಿರುವುದು. ಬೋರ್ಡಿನ ಹುಡುಗಿಯರು ಮಾಡುತ್ತಿದ್ದದ್ದು ಅದನ್ನೇ. ಕಾಯ್ದೆಯ ಭಯ ಇತ್ತು, ನಿಜ. ಆದರೆ ಭಯ ಒಂದೇ ಇದ್ದಿದ್ದರೆ ಎಷ್ಟೋ ಮಾತು ಪಿಸುಗುಟ್ಟಿಯಾದರೂ ಹೊರಗೆ ಬರುತ್ತಿತ್ತು.

ಬೋರ್ಡು ಮುಚ್ಚಿದ ಮೇಲೆ ನನ್ನನ್ನು ಕಮರ್ಷಿಯಲ್ ಸೆಕ್ಷನ್ನಿಗೆ ಹಾಕಿದರು. ಕೊನೆಯವರೆಗೂ ಅಲ್ಲಿನ ಕೌಂಟರಿನಲ್ಲಿದ್ದೆ. ದೊಡ್ಡ ಸಂಸ್ಥೆ ಎಂದರೇನು ಎಂದು ನನಗೆ ಸರಿಯಾಗಿ ತಿಳಿದದ್ದು ಅಲ್ಲಿ. ಒಂದು ಲ್ಯಾಂಡ್‌ಲೈನ್ ಮನೆಗೆ ಮುಟ್ಟಬೇಕಾದರೆ ಎಕ್ಸ್‌ಚೇಂಜು, ಎಂಡಿಎಫ್, ನೆಲದಡಿಯ ಕೇಬಲ್, ಪಿಲ್ಲರ್, ಡಿಪಿ, ಕಡೆಗೆ ಡ್ರಾಪ್ ವೈರ್. ಒಂದೊಂದಕ್ಕೂ ಬೇರೆ ಬೇರೆ ಜನ. ಬಿಲ್ಲಿಗೆ ಬೇರೆ, ಅಕೌಂಟ್ಸಿಗೆ ಬೇರೆ. ಯಾರಿಗೂ ಪೂರ್ತಿ ಕಾಣುವುದಿಲ್ಲ. ಇಂಥ ಯಾವುದೇ ದೊಡ್ಡ ಸಂಸ್ಥೆಯಲ್ಲಿ ಹುಟ್ಟಿಕೊಳ್ಳುವ ಒಂದು ಮಾತಿದೆ: “ಅದು ನಮ್ಮ ಸೆಕ್ಷನ್ ಅಲ್ಲ.” ಇತ್ತೀಚೆಗೆ ಕಷ್ಟವೊಂದನ್ನು ಹೇಳಿಕೊಳ್ಳಲು ಒಂದು ಕಡೆ ಫೋನ್ ಮಾಡಿದ್ದೆ, ಯಾವ ಸಂಸ್ಥೆ ಎಂಬುದು ಬೇಡ. ಒಬ್ಬರ ನಂತರ ಒಬ್ಬರು ಸೌಜನ್ಯದಿಂದ ಕೇಳಿಸಿಕೊಂಡರು, ನಂಬರು ಕೊಟ್ಟರು, ದೂರನ್ನು ಮುಚ್ಚಿದರು. ಹೊರಗಿನಿಂದ ನೋಡಿದರೆ ಅವರೂ ನಿರ್ಲಿಪ್ತರು. ನನಗೆ ಭಯ ಹುಟ್ಟಿಸುವುದು ಈ ಹೋಲಿಕೆಯೇ. ವೇದಾಂತ ಕಷ್ಟಪಟ್ಟು ಗಳಿಸು ಎಂದ ಸ್ಥಿತಿಯ ವೇಷವನ್ನು ದೊಡ್ಡ ಕಚೇರಿ ಸೇರಿದ ದಿನವೇ ಪುಕ್ಕಟೆಯಾಗಿ ಕೊಡುತ್ತದೆ. ವಿದ್ಯಾರಣ್ಯರ ದೀಪ ಮಾತ್ರ ಶಾಲೆಯನ್ನೆಲ್ಲ ಬೆಳಗುತ್ತದೆ, ಕೂತವರಲ್ಲಿ ಇವರು ನನ್ನವರಲ್ಲ ಎಂದು ಯಾರನ್ನೂ ಕತ್ತಲಲ್ಲಿ ಬಿಡುವುದಿಲ್ಲ.

ಆದರೂ ದೊಡ್ಡ ಸಂಸ್ಥೆಯೊಳಗೆ ಮನುಷ್ಯರು ಇರಲು ಸಾಧ್ಯ ಎಂಬುದನ್ನೂ ಆ ಕೌಂಟರಿನಲ್ಲೇ ಕಂಡೆ. ಮೊಬೈಲು ಬಂದ ಮೇಲೆ ಲ್ಯಾಂಡ್‌ಲೈನ್ ಸರೆಂಡರ್ ಮಾಡುವವರ ಸಾಲು. ವಯಸ್ಸಾದ ಒಬ್ಬಾಕೆ ಗಂಡನ ಹೆಸರಿನ ಫೋನನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಅರ್ಜಿ ತುಂಬಿಕೊಡುವಾಗ ಮಾತಾಡತೊಡಗಿದರು. ಆ ನಂಬರಿಗೆ ಮಗಳ ಹೆರಿಗೆಯ ಸುದ್ದಿ ಬಂದದ್ದು, ಊರವರೆಲ್ಲ ತಮ್ಮ ಕರೆಗಾಗಿ ಇವರ ನಡುಮನೆಯಲ್ಲಿ ಕಾದು ಕೂರುತ್ತಿದ್ದದ್ದು. ಹಿಂದೆ ಸಾಲು ಬೆಳೆಯುತ್ತಿತ್ತು. ನಾನು ತಲೆ ಎತ್ತುವಷ್ಟರಲ್ಲಿ, ಪಕ್ಕದ ಕೌಂಟರಿನ ಸಹೋದ್ಯೋಗಿ ಅವರನ್ನೆಲ್ಲ ಕೈಸನ್ನೆಯಲ್ಲೇ ತನ್ನ ಕಡೆ ಕರೆದುಕೊಂಡಿದ್ದ. ಅವನ ಊಟದ ಹೊತ್ತು ಅದು. ಆಕೆ ಮುಗಿಸುವವರೆಗೆ ನಾನು ಕೇಳಿದೆ. ಆಕೆಗೆ ನಾನು ಮಾಡಿಕೊಡಬಹುದಾದದ್ದು ಡಿಪಾಸಿಟ್ ವಾಪಸಿನ ಕಾಗದವಷ್ಟೇ, ಆದರೆ ಆಕೆ ಕಾಗದಕ್ಕಷ್ಟೇ ಬಂದವರಾಗಿರಲಿಲ್ಲ.

2020ರ ಜನವರಿ 31ರಂದು ನಾವು ಸುಮಾರು 78 ಸಾವಿರ ಜನ ಒಂದೇ ದಿನ ಸ್ವಯಂನಿವೃತ್ತಿ ಪಡೆದು ಹೊರಬಂದೆವು. ಈಗ ನನ್ನ ಮಗಳು ಬೆಂಗಳೂರಿನಲ್ಲಿ ಒಂದು ದೊಡ್ಡ ಟೆಲಿಕಾಂ ಕಂಪನಿಯ ನೆಟ್‌ವರ್ಕ್ ನೋಡಿಕೊಳ್ಳುವ ಕೇಂದ್ರದಲ್ಲಿ ಪಾಳಿ ಮಾಡುತ್ತಾಳೆ. ಅವಳ ಮುಂದೆ ಗೋಡೆಯಗಲದ ಪರದೆ. ಯಾವ ಟವರಿಗೆ ಕರೆಂಟು ಹೋಯಿತು, ಎಲ್ಲಿ ಫೈಬರ್ ತುಂಡಾಯಿತು ಎಂದು ಅಲಾರಂಗಳು ಕೆಂಪಗೆ ಬರುತ್ತಲೇ ಇರುತ್ತವೆ. ಯಾರ ದನಿಯೂ ಅವಳಿಗೆ ಕೇಳಿಸುವುದಿಲ್ಲ. ಭಾನುವಾರ ಬಂದಾಗ ನಮ್ಮಿಬ್ಬರಿಗೂ ಇದೇ ವಾದ. ಅವಳು ಅಜ್ಜನ ಪಕ್ಷ. “ಒಂದೊಂದು ಟವರಿನ ಕೆಳಗೂ ಸಾವಿರಾರು ಜನ ಇದ್ದಾರಮ್ಮ. ಅವರನ್ನೆಲ್ಲ ನೆನೆಸಿಕೊಂಡರೆ ನನ್ನ ಕೈ ಓಡೋದಿಲ್ಲ. ಅಜ್ಜ ಹೇಳಿದ ದೀಪಾನೇ ನನಗೆ ಸರಿ” ಎನ್ನುತ್ತಾಳೆ. ಅವಳ ಮಾತನ್ನು ನಾನು ತಳ್ಳಿಹಾಕಲಾರೆ. ನಮ್ಮ ಬೋರ್ಡಿಗೆ ಬರುತ್ತಿದ್ದ ಕಷ್ಟಕ್ಕೆ ಒಂದು ಅಳತೆ ಇತ್ತು, ಅವಳ ಪರದೆಗೆ ಇಲ್ಲ. ಆದರೆ ಪ್ರವಾಹ ಬಂದ ವರ್ಷ ಪಾಳಿ ಮುಗಿದ ಮೇಲೂ, ಕೊಡಗಿನ ಕಡೆಯ ಒಂದು ಟವರು ಏಳುವವರೆಗೆ ಅವಳು ಯಾಕೆ ಎದ್ದು ಬರಲಿಲ್ಲ ಎಂದು ಕೇಳಿದರೆ ಅವಳೂ ಉತ್ತರ ಹೇಳುವುದಿಲ್ಲ.

ಹೋದ ಸಲ ವಾದದ ನಡುವೆ ಅವಳು, ಆ ಬೊಂಬಾಯಿ ಕರೆ ಯಾವ ಊರಿನದು, ಯಾರ ಮನೆಯದು ಎಂದು ಕೇಳಿದಳು. ಇಷ್ಟು ವರ್ಷವಾಯಿತಲ್ಲ, ಈಗ ಹೇಳಿದರೆ ಏನಾಗುತ್ತೆ ಎಂದಳು. ನನಗೆ ಊರೂ ನೆನಪಿದೆ, ನಂಬರೂ ನೆನಪಿದೆ. ಹೇಳಲಿಲ್ಲ.