ಹತ್ತನೆಯ ವಿಕೆಟ್ಟು

ಗೆಳೆಯನ ಕೀರ್ತಿಗಾಗಿ ತನ್ನ ಕರ್ತವ್ಯವನ್ನು ಒಂದು ಗಳಿಗೆ ಬದಿಗಿಡುವುದು ಧರ್ಮವೋ ಅಧರ್ಮವೋ? ಇದಕ್ಕೆ ಪುರಾಣಗಳಲ್ಲಿ ಉದಾಹರಣೆ ಹುಡುಕುವವರು ಹುಡುಕಲಿ. ನನಗೆ ನೆನಪಾಗುವುದು ಕ್ರಿಕೆಟ್ಟಿನ ಒಂದು ಓವರು.

1999ರ ಫೆಬ್ರವರಿ 7, ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನ. ಗೆಲ್ಲಲು 420 ರನ್ನು ಬೇಕಿದ್ದ ಪಾಕಿಸ್ತಾನ ಒಂದೂ ವಿಕೆಟ್ಟು ಕಳೆದುಕೊಳ್ಳದೆ ನೂರನ್ನು ದಾಟಿತ್ತು. ಆಮೇಲೆ ಬೆಂಗಳೂರಿನ ಅನಿಲ್ ಕುಂಬ್ಳೆ ಒಬ್ಬರಾದ ಮೇಲೊಬ್ಬರನ್ನು ಹಿಂದಕ್ಕೆ ಕಳಿಸುತ್ತ ಬಂದರು. ಒಂಬತ್ತೂ ಅವರವೇ ಆದಾಗ ಇನ್ನೊಂದು ತುದಿಯಿಂದ ಬೌಲ್ ಮಾಡಬೇಕಾದವರು ಮೈಸೂರಿನ ಜಾವಗಲ್ ಶ್ರೀನಾಥ್. ಬ್ಯಾಟುಗಾರ ಔಟಾಗಬಾರದೆಂದೇ ಅವರು ಚೆಂಡನ್ನು ಸ್ಟಂಪಿನಿಂದ ದೂರ ದೂರಕ್ಕೆ ಹಾಕಿದರು. ಮರು ಓವರಿನಲ್ಲಿ ವಾಸಿಂ ಅಕ್ರಮ್ ಲಕ್ಷ್ಮಣರಿಗೆ ಕ್ಯಾಚಿತ್ತರು. ಕುಂಬ್ಳೆಗೆ 74 ರನ್ನಿಗೆ ಹತ್ತು ವಿಕೆಟ್ಟು.

ಸುರಪುರ, ಶಹಾಪುರಗಳಿಂದ ಯಾದಗಿರಿಗೆ ಓದಲು ಬರುವ ಹುಡುಗರ ಮುಂದೆ ಈ ಮಾತಿಟ್ಟರೆ ತರಗತಿ ಎರಡು ಪಾಲಾಗುತ್ತದೆ. “ದೋಸ್ತಗ ಬಿಟ್ಟುಕೊಟ್ರ ತಪ್ಪೇನ್ರಿ ಸರ?” ಎಂದು ಒಂದು ಪಾಲು, “ಬೇಕಂತ ಬಿಟ್ರ ಅದು ಆಟ ಹೆಂಗಾಗ್ತದರಿ?” ಎಂದು ಇನ್ನೊಂದು. (ವ್ಯಾಕರಣದ ಪಾಠಕ್ಕೆ ಈ ಉತ್ಸಾಹ ಎಂದೂ ಕಂಡಿಲ್ಲ.) ಎರಡನೆಯವರ ಮಾತು ತೂಕದ್ದು. 1956ರಲ್ಲಿ ಮ್ಯಾಂಚೆಸ್ಟರಿನಲ್ಲಿ ಜಿಮ್ ಲೇಕರ್ ಒಂದೇ ಇನಿಂಗ್ಸಿನ ಹತ್ತನ್ನೂ ಕಿತ್ತಾಗ ಎದುರು ತುದಿಯ ಟೋನಿ ಲಾಕ್ 55 ಓವರು ದುಡಿದು ಬರಿಗೈಯಲ್ಲಿ ಹಿಂತಿರುಗಿದ್ದರು. ಅಂಥ ಪೈಪೋಟಿಯ ನಡುವೆ ಬಂದ ಹತ್ತು, ಗೆಳೆಯ ಕಾದುದರಿಂದ ಬಂದ ಹತ್ತಿಗಿಂತ ಮೇಲಲ್ಲವೆ?

ನಾನು ಹಾಗೆ ತಿಳಿಯೆ. ಶ್ರೀನಾಥ್ ಒಂದು ಓವರು ಕಾದರು, ಅಷ್ಟೆ; ಅಕ್ರಮರನ್ನು ಔಟುಮಾಡುವ ಕೆಲಸ ಕುಂಬ್ಳೆಗೇ ಉಳಿದಿತ್ತು. ತಂಡದ ಭಾರ ಹೊರುವ ಬೌಲರು ಬಹುಕಾಲ ಪರರ ಲಾಭಕ್ಕೇ ದುಡಿಯುತ್ತಾನೆ. ಅವನು ಒಂದು ತುದಿಯನ್ನು ಬಿಗಿಹಿಡಿದಾಗ ವಿಕೆಟ್ಟು ಇನ್ನೊಬ್ಬನ ಲೆಕ್ಕಕ್ಕೆ ಸೇರುವುದುಂಟು. ಮುಂದೆ 2002ರಲ್ಲಿ ಆಂಟಿಗುವಾದಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡೇ ಕುಂಬ್ಳೆ 14 ಓವರು ಬೌಲ್ ಮಾಡಿ ಲಾರಾರನ್ನು ಔಟು ಮಾಡಿದರು. ಅಂಥವನಿಗಾಗಿ ಜೊತೆಗಾರ ಕಾದರೆ ಅದನ್ನು ದಾಕ್ಷಿಣ್ಯವೆನ್ನಲು ನನಗೆ ಮನಸ್ಸಿಲ್ಲ. ಆದರೆ ಅಂದು ಪಾಕಿಸ್ತಾನಕ್ಕೆ ಇನ್ನೂ ಇನ್ನೂರಕ್ಕೂ ಮೇಲ್ಪಟ್ಟು ರನ್ನು ಬೇಕಿದ್ದವೆಂಬುದನ್ನು ಮರೆಯಬಾರದು. ಹತ್ತೇ ಬೇಕಿದ್ದಿದ್ದರೆ ಅದೇ ಓವರನ್ನು ದ್ರೋಹವೆನ್ನಬೇಕಾಗುತ್ತಿತ್ತು.

ಹತ್ತರ ಹೊಸ್ತಿಲಲ್ಲೇ ನಿಂತವರು ಸುಭಾಷ್ ಗುಪ್ತೆ. 1958ರ ಡಿಸೆಂಬರಿನಲ್ಲಿ ಕಾನ್ಪುರದಲ್ಲಿ ವೆಸ್ಟ್ ಇಂಡೀಸಿನ ಒಂಬತ್ತು ಮಂದಿ ಅವರಿಗೆ ಬಲಿಯಾದರು. ಒಬ್ಬನನ್ನು ವಸಂತ ರಂಜನೆ ಔಟು ಮಾಡಿದರು. ಪಂದ್ಯದ ಮೊದಲ ಇನಿಂಗ್ಸು ಅದು, ಸೋಲುಗೆಲುವು ಇನ್ನೂ ಬಹು ದೂರ. ರಂಜನೆ ನೇರವಾಗಿ ಸ್ಟಂಪಿಗೇ ಹಾಕಬೇಕಿತ್ತು, ಹಾಕಿದರು.