ಕೊಳ್ಳೆಯ ಮರುದಿನದ ಬಾಗಿಲು

‘ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು.’ ಈಚಿನ ವರ್ಷಗಳಲ್ಲಿ ಈ ಗಾದೆಗೆ ಬಿಡುವೇ ಸಿಕ್ಕಿಲ್ಲ. 2024ರ ಡಿಸೆಂಬರ್ 4ರ ರಾತ್ರಿ ಹೈದರಾಬಾದಿನ ಸಂಧ್ಯಾ ಚಿತ್ರಮಂದಿರದಲ್ಲಿ ‘ಪುಷ್ಪ 2’ ನೋಡಲು ಮನೆಮಂದಿಯೊಂದಿಗೆ ಬಂದಿದ್ದ ಮಹಿಳೆಯೊಬ್ಬರು ನೂಕುನುಗ್ಗಲಿಗೆ ಸಿಕ್ಕಿ ತೀರಿಕೊಂಡರು. ಅವರ ಪುಟ್ಟ ಮಗ ಸಾವು ಬದುಕಿನ ನಡುವೆ ಹೋರಾಡಿದ. ಇನ್ನು ಮುಂದೆ ಬಿಡುಗಡೆಗೆ ಮುಂಚಿನ ಇಂಥ ಬೆನಿಫಿಟ್ ಶೋಗಳಿಗೆ ಅನುಮತಿ ಇಲ್ಲ ಎಂದು ತೆಲಂಗಾಣ ಸರ್ಕಾರ ಸಾರಿದ್ದು ಆಮೇಲೆ. ಸರಿಯಾಗಿ ಆರು ತಿಂಗಳಿಗೆ, 2025ರ ಜೂನ್ 4ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಬಿಟ್ಟರು. ಆಗಸ್ಟ್‌ನಲ್ಲಿ ಜನಸಂದಣಿ ನಿಯಂತ್ರಣದ ಮಸೂದೆ ವಿಧಾನಸಭೆಗೆ ಬಂತು. ಎರಡೂ ಸಲ ಜನರ ಬಾಯಲ್ಲಿ ಬಂದದ್ದು ಇದೇ ಗಾದೆ.

ಪರೀಕ್ಷೆಯಲ್ಲಿ ‘ಗಾದೆಯನ್ನು ವಿಸ್ತರಿಸಿ ಬರೆಯಿರಿ’ ಎಂದಾಗ ಮಕ್ಕಳು ಬರೆಯುವ ಉತ್ತರ ಎಲ್ಲರಿಗೂ ಗೊತ್ತು: ಮಾಡುವ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡಬೇಕು. ತಪ್ಪೇನಲ್ಲ, ಆದರೆ ಅಷ್ಟನ್ನು ಹೇಳಲು ಕೋಟೆ, ಕೊಳ್ಳೆ ಯಾವುದೂ ಬೇಕಿರಲಿಲ್ಲ. ಇನ್ನು ಕೆಲವರ ಪಾಲಿಗೆ ಇದು ಹಣೆಬರಹದ ಮಾತು. ಹೋಗುವುದು ಹೋಗಿಯೇ ತೀರುತ್ತದೆ, ಬಾಗಿಲು ಹಾಕಿದರೇನು ಬಿಟ್ಟರೇನು ಎನ್ನುತ್ತಾರೆ. ಗಾದೆಯಲ್ಲಿ ವಿಧಿಯ ಸುಳಿವೇ ಇಲ್ಲ. ಅಲ್ಲಿರುವುದು ಬಾಗಿಲು ಮತ್ತು ಅದನ್ನು ಹಾಕಬೇಕಾಗಿದ್ದ ಕೈ.

ಇವೆರಡಕ್ಕಿಂತ ಹೆಚ್ಚು ಕೇಡು ಮಾಡುವುದು ಮೂರನೆಯ ಓದು. ದುರಂತವಾದ ಮೇಲೆ ಯಾರಾದರೂ ಎದ್ದು ನಿಂತು ಕಾನೂನು ಬೇಕು, ತಪಾಸಣೆ ಬೇಕು ಎಂದ ಕೂಡಲೇ ಈ ಗಾದೆಯನ್ನು ಅವರ ಮುಖಕ್ಕೆ ಎಸೆಯಲಾಗುತ್ತದೆ: ಈಗ ಹಾಕಿ ಏನು ಬಂತು? ಗಾದೆಯ ಅರ್ಥವನ್ನೇ ತಲೆಕೆಳಗು ಮಾಡುವ ಪ್ರಶ್ನೆ ಇದು. ಕೋಟೆ ಒಂದೇ ಸಲ ಕೊಳ್ಳೆ ಹೋಗುವುದಿಲ್ಲ. ಕಳ್ಳರಿಗೆ ದಾರಿ ಗೊತ್ತಾದ ಮೇಲೆ ಮತ್ತೆ ಬರುತ್ತಾರೆ. ಕೊಳ್ಳೆಯಾದ ಮರುದಿನ ಹಾಕಿದ ಬಾಗಿಲು ಮುಂದಿನ ಕೊಳ್ಳೆಯ ಲೆಕ್ಕದಲ್ಲಿ ಮೊದಲೇ ಹಾಕಿದ ಬಾಗಿಲು. ಹಾಗಾಗಿ ಗಾದೆ ದೂರಬೇಕಾದದ್ದು ತಡವಾಗಿ ಹಾಕಿದವನನ್ನಲ್ಲ, ಗದ್ದಲ ಅಡಗಿದ ಮೇಲೆ ಅಗಳಿ ಸರಿಸಿ ಬಾಗಿಲನ್ನು ಮತ್ತೆ ತೆರೆದಿಟ್ಟವನನ್ನು.

ದೆಹಲಿಯ ಉಪಹಾರ್ ಚಿತ್ರಮಂದಿರದ ಕಥೆ ಬಲ್ಲವರಿಗೆ ಈ ಓದು ಹೊಸದೆನಿಸದು.

1997ರ ಜೂನ್ 13, ಶುಕ್ರವಾರ. ಜೆ.ಪಿ. ದತ್ತಾ ಅವರ ‘ಬಾರ್ಡರ್’ ಬಿಡುಗಡೆಯಾದ ದಿನ. ಗ್ರೀನ್ ಪಾರ್ಕ್‌ನ ಆ ಚಿತ್ರಮಂದಿರದಲ್ಲಿ ಮಧ್ಯಾಹ್ನ ಮೂರರ ಆಟ ನಡೆಯುತ್ತಿತ್ತು. ಐದು ಗಂಟೆಯ ಹೊತ್ತಿಗೆ ಕೆಳಗಿನ ಅಂತಸ್ತಿನಲ್ಲಿದ್ದ ವಿದ್ಯುತ್ ಮಂಡಳಿಯ ಟ್ರಾನ್ಸ್‌ಫಾರ್ಮರ್‌ಗೆ ಬೆಂಕಿ ಹತ್ತಿತು. ಸೋರಿದ ಎಣ್ಣೆಯ ಮೂಲಕ ಅದು ಪಕ್ಕದಲ್ಲಿ ನಿಲ್ಲಿಸಿದ್ದ ಕಾರುಗಳಿಗೆ ಹಬ್ಬಿತು. ದಟ್ಟ ಹೊಗೆ ಮೆಟ್ಟಿಲುಗಳ ಜಾಡು ಹಿಡಿದು ಬಾಲ್ಕನಿಗೆ ಏರಿತು. ಅಲ್ಲಿದ್ದವರನ್ನು ಎಚ್ಚರಿಸುವ ಒಂದು ಪ್ರಕಟಣೆಯೂ ಕೇಳಲಿಲ್ಲ. ವಿದ್ಯುತ್ ಹೋದಾಗ ದಾರಿ ತೋರುವ ತುರ್ತು ದೀಪಗಳಿರಲಿಲ್ಲ. ಬಲಬದಿಯ ಓಡಾಟದ ದಾರಿಯನ್ನು ಹೆಚ್ಚುವರಿ ಆಸನಗಳು ನುಂಗಿದ್ದವು, ಒಂದು ಹೊರದಾರಿಗೆ ಮಾಲೀಕರ ಕುಟುಂಬಕ್ಕೆಂದು ಮಾಡಿದ ಬಾಕ್ಸ್ ಅಡ್ಡವಾಗಿತ್ತು. ಬಾಲ್ಕನಿಯ ಬಾಗಿಲಿಗೆ ಅಗಳಿ ಹಾಕಿತ್ತು, ಅಲ್ಲಿರಬೇಕಾದ ಗೇಟ್‌ಕೀಪರ್ ಇರಲಿಲ್ಲ. 59 ಮಂದಿ ಸತ್ತರು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಬಾಲ್ಕನಿಯಲ್ಲಿದ್ದವರ ಬಳಿಗೆ ಬೆಂಕಿ ಬರಲೇ ಇಲ್ಲ, ಅವರು ಉಸಿರುಗಟ್ಟಿ ಸತ್ತರು.

ಆದರೆ ಉಪಹಾರ್ ಕೊಳ್ಳೆ ಹೋದದ್ದು ಅದೇ ಮೊದಲಲ್ಲ. 1983ರಲ್ಲಿ ದೆಹಲಿಯ ಗೋಪಾಲಾ ಟವರ್ಸ್ ಕಟ್ಟಡಕ್ಕೆ ಬೆಂಕಿ ಬಿದ್ದಾಗ ನಗರದ ಚಿತ್ರಮಂದಿರಗಳನ್ನೆಲ್ಲ ತಪಾಸಣೆ ಮಾಡಿ, ಸುರಕ್ಷತೆಯ ಲೋಪ ಕಂಡ 12ರ ಪರವಾನಗಿಯನ್ನು ಅಮಾನತು ಮಾಡಲಾಯಿತು. ಅವುಗಳಲ್ಲಿ ಉಪಹಾರ್ ಕೂಡ ಇತ್ತು. ಬಾಗಿಲು ಹಾಕಿದಂತಾಯಿತು. ಹಾಕಿದ ಬೆನ್ನಿಗೇ ಹೈಕೋರ್ಟಿನಿಂದ ತಡೆಯಾಜ್ಞೆ ಬಂತು. ಅಲ್ಲಿಂದ 1997ರವರೆಗೆ ಎರಡೆರಡು ತಿಂಗಳ ತಾತ್ಕಾಲಿಕ ಪರವಾನಗಿಗಳಲ್ಲೇ ಅದರ ಕಾರುಬಾರು ನಡೆಯಿತು. 1989ರ ಜುಲೈನಲ್ಲಿ ಅದೇ ಕಟ್ಟಡದ ಟ್ರಾನ್ಸ್‌ಫಾರ್ಮರ್ ಕೋಣೆಯಿಂದ ಬೆಂಕಿ ಎದ್ದಿತ್ತು. ಇನ್ನು 1997ರ ಆ ಜೂನ್ 13ರ ಬೆಳಿಗ್ಗೆಯೇ, ಏಳು ಗಂಟೆಯ ಸುಮಾರಿಗೆ, ಅದೇ ಟ್ರಾನ್ಸ್‌ಫಾರ್ಮರ್ ಒಮ್ಮೆ ಹೊತ್ತಿಕೊಂಡಿತ್ತು. ದುರಸ್ತಿಗೆ ಬಂದವರು ಕೇಬಲ್ ತುದಿಯ ಸಾಕೆಟ್ಟನ್ನು ಯಂತ್ರದಿಂದ ಒತ್ತಿ ಬಿಗಿ ಮಾಡುವ ಬದಲು ಡೈ ಇಟ್ಟು ಸುತ್ತಿಗೆಯಿಂದ ಬಡಿದು ಹೋದರು. ಆ ಜೋಡಣೆ ಸಂಜೆಯೊಳಗೆ ಸಡಿಲವಾಯಿತು.

ಎಂದರೆ ಹದಿನಾಲ್ಕು ವರ್ಷಗಳಲ್ಲಿ ಮೂರು ಸಲ ಕಹಳೆ ಮೊಳಗಿತ್ತು. ಒಂದೊಂದು ಸಲವೂ ಬಾಗಿಲು ಅರೆ ಮುಚ್ಚಿ ಮತ್ತೆ ತೆರೆದುಕೊಂಡಿತು. ಚಿತ್ರಮಂದಿರದ ಮಟ್ಟಿಗೆ ಗಾದೆಯ ಬಾಗಿಲು ಹಿಂದುಮುಂದು ನಿಜ. ಕೋಟೆಯನ್ನು ಹಾಕಿದ ಬಾಗಿಲು ಕಾಯುತ್ತದೆ, ಸಿನಿಮಾ ಮಂದಿರವನ್ನು ತೆರೆದ ಬಾಗಿಲು ಕಾಯುತ್ತದೆ. ಪ್ರೇಕ್ಷಕರು ಒಳಗಿರುವಷ್ಟು ಹೊತ್ತು ಹೊರದಾರಿಗಳಿಗೆ ಬೀಗ ಇರಬಾರದು, ಓಡಾಟದ ದಾರಿಗೆ ಅಡ್ಡಿ ಇರಬಾರದು ಎಂಬ ನಿಯಮ ಆಗಲೂ ಪುಸ್ತಕದಲ್ಲಿತ್ತು. ಆಸನ ಹೆಚ್ಚಾದಷ್ಟೂ ಟಿಕೆಟ್ ಹೆಚ್ಚು ಎಂಬ ಲೆಕ್ಕದ ಮುಂದೆ ಆ ನಿಯಮ ನಿಲ್ಲಲಿಲ್ಲ.

ನೀಲಂ ಮತ್ತು ಶೇಖರ್ ಕೃಷ್ಣಮೂರ್ತಿ ದಂಪತಿ ಅಂದು ತಮ್ಮ ಇಬ್ಬರು ಮಕ್ಕಳನ್ನೂ ಕಳೆದುಕೊಂಡರು. ಮಗಳಿಗೆ 17, ಮಗನಿಗೆ 13. ಅವರ ಪಾಲಿನ ಊರು ಪೂರ್ತಿ ಕೊಳ್ಳೆ ಹೋಗಿತ್ತು, ಕಾಯಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಆದರೂ ಅವರು ಬೇರೆ ಸಂತ್ರಸ್ತ ಕುಟುಂಬಗಳನ್ನು ಕೂಡಿಸಿ ಸಂಘ ಕಟ್ಟಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ‘ಈಗ ಹಾಕಿ ಏನು ಬಂತು’ ಎನ್ನುವವರು ಈ ತಂದೆತಾಯಿಯ ಮುಂದೆ ನಿಂತು ಆ ಮಾತು ಹೇಳಬೇಕು. ತಮ್ಮ ಮಕ್ಕಳಿಗೆ ದಕ್ಕದ ಬಾಗಿಲನ್ನು ಊರವರ ಮಕ್ಕಳಿಗಾಗಿ ಸರಿಪಡಿಸಲು ಎರಡು ದಶಕಕ್ಕೂ ಮಿಕ್ಕಿ ಕೋರ್ಟಿಗೆ ಅಲೆದವರು ಅವರು.

ಅವರಿಗೆ ದಕ್ಕಿದ್ದೇನು? 2007ರಲ್ಲಿ ಮಾಲೀಕರಾದ ಅನ್ಸಲ್ ಸೋದರರಿಗೆ ವಿಚಾರಣಾ ನ್ಯಾಯಾಲಯ ಎರಡು ವರ್ಷ ಶಿಕ್ಷೆ ಕೊಟ್ಟಿತು; ಹೈಕೋರ್ಟ್ ಮರುವರ್ಷ ಅದನ್ನು ಒಂದಕ್ಕೆ ಇಳಿಸಿತು. ಸುಪ್ರೀಂ ಕೋರ್ಟ್ 2015ರಲ್ಲಿ ತಲಾ 30 ಕೋಟಿ ರೂಪಾಯಿ ದಂಡ ಕಟ್ಟಿಸಿಕೊಂಡು ಮತ್ತೆ ಜೈಲು ಬೇಡ ಎಂದಿತು. 2017ರಲ್ಲಿ ಕಿರಿಯವರಿಗೆ ಮಾತ್ರ ಒಂದು ವರ್ಷ ಎಂದಾಯಿತು. ಪರಿಹಾರದ ಮೊತ್ತವನ್ನೂ 2011ರಲ್ಲಿ ಸುಪ್ರೀಂ ಕೋರ್ಟ್ ತಗ್ಗಿಸಿತ್ತು. 20 ವರ್ಷ ದಾಟಿದವರ ಸಾವಿಗೆ 18 ಲಕ್ಷವಿದ್ದದ್ದು 10 ಲಕ್ಷವಾಯಿತು, ಅದಕ್ಕಿಂತ ಚಿಕ್ಕವರಿಗೆ 15 ಲಕ್ಷವಿದ್ದದ್ದು ಏಳೂವರೆ ಲಕ್ಷಕ್ಕೆ ಇಳಿಯಿತು. ನಡುವೆ ನ್ಯಾಯಾಲಯದ ಕಡತದಿಂದಲೇ ದಾಖಲೆಗಳು ಕಾಣೆಯಾದವು, ಹರಿದವು. ಸಾಕ್ಷ್ಯ ತಿದ್ದಿದ ಆ ಪ್ರಕರಣದಲ್ಲಿ 2021ರಲ್ಲಿ ಸೋದರರಿಗೆ ಏಳು ವರ್ಷ ಶಿಕ್ಷೆಯಾಯಿತು. ಮರುವರ್ಷದ ಜುಲೈನಲ್ಲಿ, ಅಷ್ಟರವರೆಗೆ ಅನುಭವಿಸಿದ್ದೇ ಸಾಕೆಂದು ಬಿಡುಗಡೆಯೂ ಆಯಿತು. ಮಕ್ಕಳ ಸಾವಿಗೆ ಒಂದು ದರ, ದೊಡ್ಡವರ ಸಾವಿಗೆ ಇನ್ನೊಂದು ದರ ಕಟ್ಟಿದ ಈ ಲೆಕ್ಕ ಯಾವ ಮಾಲೀಕನ ನಿದ್ದೆ ಕೆಡಿಸೀತು?

ಕೊಳ್ಳೆಯಾದ ಮೇಲೆ ಹಾಕಿದ ಬಾಗಿಲು ನಿಂತ ಉದಾಹರಣೆಯೂ ಉಂಟು. 1883ರಲ್ಲಿ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಊರಿನ ವಿಕ್ಟೋರಿಯಾ ಹಾಲ್‌ನಲ್ಲಿ ಮಕ್ಕಳ ಕಾರ್ಯಕ್ರಮ ಮುಗಿದಾಗ, ವೇದಿಕೆಯಲ್ಲಿ ಹಂಚುತ್ತಿದ್ದ ಉಡುಗೊರೆಗಾಗಿ ಗ್ಯಾಲರಿಯ ಮಕ್ಕಳು ಮೆಟ್ಟಿಲಿಳಿದು ಧಾವಿಸಿದರು. ಕೆಳಗಿನ ಬಾಗಿಲು ಒಳಮುಖವಾಗಿತ್ತು, ಒಬ್ಬರೇ ನುಸುಳುವಷ್ಟು ಸಂದು ಬಿಟ್ಟು ಅದಕ್ಕೆ ಅಗಳಿ ಜಡಿಯಲಾಗಿತ್ತು. 183 ಮಕ್ಕಳು ಸತ್ತರು. ಹೊರಮುಖವಾಗಿ ತೆರೆಯುವ, ಒಳಗಿನಿಂದ ಅಡ್ಡಪಟ್ಟಿಯನ್ನು ತಳ್ಳಿದರೆ ಸಾಕು ಬಿಚ್ಚಿಕೊಳ್ಳುವ ತುರ್ತು ಬಾಗಿಲಿನ ಹುಟ್ಟಿಗೆ ಕಾರಣವಾದದ್ದು ಆ ಸಾವುಗಳೇ. ಇಂದು ಬೆಂಗಳೂರಿನ ಮಲ್ಟಿಪ್ಲೆಕ್ಸ್‌ಗಳಲ್ಲಿಯೂ ಅಂಥ ಬಾಗಿಲು ಕಾಣಸಿಗುತ್ತದೆ. ತಡವಾಗಿ ಹಾಕಿದ ಬಾಗಿಲು ಅದು, ಆದರೆ ಮತ್ತೆ ಯಾರೂ ಕೀಳದಂತೆ ಹಾಕಿದ್ದು.

ನಮ್ಮಲ್ಲಿ ಆಗಬೇಕಾದದ್ದು ಅಂಥ ಕೆಲಸ. ಅನ್ಸಲ್ ಸೋದರರ ಮೇಲೆ ರುಜುವಾತಾದ ನಿರ್ಲಕ್ಷ್ಯದ ಸಾವಿನ ಅಪರಾಧಕ್ಕೆ ಹಳೆಯ ದಂಡ ಸಂಹಿತೆಯ 304ಎ ಕಲಮಿನ ಪ್ರಕಾರ ಹೆಚ್ಚೆಂದರೆ ಎರಡು ವರ್ಷ ಶಿಕ್ಷೆ. ಸತ್ತವರು ಒಬ್ಬರಾದರೂ 59 ಆದರೂ ಅಷ್ಟೇ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ಇದನ್ನು ಐದಕ್ಕೆ ಏರಿಸಿದೆ. ಸಾರ್ವಜನಿಕರು ಸೇರುವ ಕಟ್ಟಡಗಳಲ್ಲಿ ಮನುಷ್ಯರ ತಪ್ಪಿನಿಂದಾಗುವ ದುರಂತಗಳಿಗೆ ಪ್ರತ್ಯೇಕ ಕಾನೂನು ಬೇಕು, ಮಾಲೀಕನಷ್ಟೇ ಪರವಾನಗಿ ಕೊಟ್ಟ ಅಧಿಕಾರಿಯೂ ಹೊಣೆಯಾಗಬೇಕು. ಪ್ರತ್ಯೇಕ ಕಾನೂನಿಗಾಗಿ ಕೃಷ್ಣಮೂರ್ತಿ ದಂಪತಿ ವರ್ಷಗಳಿಂದ ಕೇಳುತ್ತಲೇ ಬಂದಿದ್ದಾರೆ. ಸಂಸತ್ತು ಅದನ್ನು ಇನ್ನೂ ಕೊಟ್ಟಿಲ್ಲ.